ಕೋಳಿಗೆ ಹೆದರುವ ಗ್ಲ್ಯಾಡಿಸ್

ಶಿರ್ವದ ಸೆಲೀನ್ ಬಾಯಿಗೆ ಎರಡು ನಿಯಮಗಳಿದ್ದವು. ಎದುರಿಗೆ ಮದುಮಗಳು ಕೂತಿರದಿದ್ದರೆ ವೊವಿ ಹಾಡುವುದಿಲ್ಲ. ಕೂತವಳ ಹೆಸರು ಹಾಕದೆ ವೊವಿ ಹಾಡುವುದಿಲ್ಲ. ಇಗರ್ಜಿಯಲ್ಲಿ ಲ್ಯಾಟಿನ್ ಹೋಗಿ ಕೊಂಕಣಿ ಬಂತು, ಆರು ಮಂದಿ ವಿಗಾರ ಪಾದ್ರಿಗಳು ಬದಲಾದರು, ಗದ್ದೆಗಳ ನಡುವೆ ಗಲ್ಫಿನ ದುಡ್ಡಿನ ತಾರಸಿ ಮನೆಗಳೆದ್ದವು. ಆ ಎರಡು ನಿಯಮಗಳು ಮಾತ್ರ ನಲವತ್ತು ವರ್ಷಗಳಲ್ಲಿ ಕೂದಲೆಳೆಯಷ್ಟೂ ಸರಿದಿರಲಿಲ್ಲ.

ವೊವಿ ಎಂದರೆ ರೋಸಿನ ಹಾಡು. ಮದುವೆಯ ಹಿಂದಿನ ಸಂಜೆ ಕೊಂಕಣಿ ಕ್ರೈಸ್ತರ ಮನೆಯಲ್ಲಿ ಮದುಮಗಳನ್ನು ಮಣೆಯ ಮೇಲೆ ಕೂರಿಸಿ ತಲೆಗೆ ತೆಂಗಿನ ಹಾಲು ಸುರಿಯುತ್ತಾರಲ್ಲ, ಅದು ರೋಸ್. ಆಗ ಒಬ್ಬ ಹಿರಿಯ ಹೆಂಗಸು ಮುಂದಾಗಿ ಹಾಡಬೇಕು, ಉಳಿದ ಹೆಂಗಸರು ಅದನ್ನೇ ಎತ್ತಿಕೊಳ್ಳಬೇಕು. ರಾಗ ಅಜ್ಜಿಯರ ಕಾಲದ್ದು, ಎಲ್ಲರಿಗೂ ಗೊತ್ತಿದ್ದದ್ದೇ. ಮಾತು ಮಾತ್ರ ಆಯಾ ಮನೆಯದು. ಹುಡುಗಿಯ ಹೆಸರು ಬರಬೇಕು, ತಾಯಿಯ ಹೆಸರು ಬರಬೇಕು, ಆ ಮನೆಯ ಬಾವಿಯ ನೀರಿನ ರುಚಿ ಬರಬೇಕು, ಅವಳು ಚಿಕ್ಕಂದಿನಲ್ಲಿ ಮಾಡಿದ ಕಿತಾಪತಿಯೂ ಬರಬೇಕು. ಸ್ವಲ್ಪ ಹೊಗಳಿ, ಸ್ವಲ್ಪ ಕಾಲೆಳೆದು, ಕೊನೆಗೆ ಎಲ್ಲರನ್ನೂ ಅಳಿಸಬೇಕು. ಒಂದು ರೋಸಿಗೆ ಹೋಗುವ ಮೊದಲು ಸೆಲೀನ್ ಬಾಯಿ ಎರಡು ದಿನ ಆ ಮನೆಯ ಸುತ್ತಮುತ್ತ ಸುದ್ದಿ ಹೆಕ್ಕುತ್ತಿದ್ದರು. ಪೊಲೀಸರೂ ಅಷ್ಟು ವಿಚಾರಣೆ ಮಾಡುವುದಿಲ್ಲ. ಒಂದು ಮನೆಯಲ್ಲಿ ಹಾಡಿದ್ದನ್ನು ಇನ್ನೊಂದು ಮನೆಯಲ್ಲಿ ಹಾಡಲು ಹೇಳಿದರೆ, "ಒಬ್ಬಳು ಮಿಂದ ನೀರಿನಲ್ಲಿ ಇನ್ನೊಬ್ಬಳನ್ನು ಮೀಯಿಸ್ತಾರಾ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದರು.

ಇಂಥವರ ಮನೆಗೆ, ಎಂಬತ್ತನಾಲ್ಕನೆಯ ಇಸವಿಯ ಮಳೆಗಾಲ ಮುಗಿಯುತ್ತಿದ್ದಂತೆ, ಉಡುಪಿಯಿಂದ ತಾರಾನಾಥ ಬಂದ. ಬಸ್ ನಿಲ್ದಾಣದ ಹತ್ತಿರ ಅವನಿಗೊಂದು ಕ್ಯಾಸೆಟ್ ಅಂಗಡಿ. ಮೊದಲು ಬೇರೆಯವರ ಕ್ಯಾಸೆಟ್ ಮಾರುತ್ತಿದ್ದ, ಆಮೇಲೆ ತಾನೇ ಮಾಡಿಸತೊಡಗಿದ. ಭಜನೆ ಮಾಡಿಸಿದ, ತುಳು ಹಾಸ್ಯ ಮಾಡಿಸಿದ, ಮಣಿಪಾಲದ ಹಾಸ್ಟೆಲಿನ ಹುಡುಗರಿಗೆಂದು ಕುಣಿಯುವ ಹಾಡುಗಳನ್ನು ಸೇರಿಸಿ ಕೊಟ್ಟ. ಅವನ ಪ್ರಕಾರ ಲೋಕದಲ್ಲಿರುವುದು ಎರಡೇ ಬಗೆಯ ಸಂಗೀತ. ಓಡುವ ಸಂಗೀತ, ಓಡದ ಸಂಗೀತ. ಕೆಟ್ಟ ಮನುಷ್ಯನೇನಲ್ಲ. ವ್ಯಾಪಾರ ಬಿಟ್ಟು ಬೇರೆ ಯಾವ ಕಿವಿಯನ್ನೂ ದೇವರು ಅವನಿಗೆ ಕೊಟ್ಟಿರಲಿಲ್ಲ, ಅಷ್ಟೇ.

ಅವನ ಹಿಂದೆ ಲಿಯೋನೆಲ್ ಎಂಬ ತೆಳ್ಳಗಿನ ಮನುಷ್ಯ ನಿಂತಿದ್ದ. ಊರು ಶಿರ್ವವೇ ಆದರೂ ಬೆಳೆದದ್ದು ಮುಂಬಯಿಯಲ್ಲಿ. ಕಂಕುಳಲ್ಲಿ ಒಂದು ಕೀಬೋರ್ಡು. ಅದರ ಒಂದು ಗುಂಡಿ ಒತ್ತಿದರೆ ಯಾರೂ ಬಾರಿಸದೆ ಡೋಲು ಕೇಳುತ್ತದೆ ಎಂದು ಅವನು ತೋರಿಸಿದ. ಸೆಲೀನ್ ಬಾಯಿ ಆ ಯಂತ್ರವನ್ನೂ ಅವನನ್ನೂ ಒಂದೇ ನೋಟದಲ್ಲಿ ಅಳೆದರು.

"ವೊವಿಯದೊಂದು ಕ್ಯಾಸೆಟ್ ಮಾಡುವ, ಬಾಯಮ್ಮ," ಎಂದ ತಾರಾನಾಥ. "ಗಲ್ಫಿನಲ್ಲಿ ಬಾರೀ ಡಿಮಾಂಡ್ ಉಂಟು. ಅಲ್ಲಿ ಮದುವೆ ಮಾಡ್ತಾರೆ, ಹಾಡ್ಲಿಕ್ಕೆ ಜನ ಇಲ್ಲ."

"ಮದುಮಗಳು ಯಾರು?"

"ಯಾರೂ ಇಲ್ಲ. ಎಲ್ಲರಿಗೂ ಆಗ್ತದೆ."

"ಎಲ್ಲರಿಗೂ ಆಗುವ ರವಕೆ ಯಾರಿಗೂ ಸರಿ ಕೂರುವುದಿಲ್ಲ," ಎಂದು ಸೆಲೀನ್ ಬಾಯಿ ಎದ್ದರು. "ಚಾ ಕುಡಿದು ಹೋಗಿ. ವೊವಿ ಮಾರುವ ವಸ್ತು ಅಲ್ಲ."

ಹೀಗೆ ಅಲ್ಲಿಗೇ ಮುಗಿಯಬೇಕಿತ್ತು. ಚಾ ತಂದ ಮಗ ಪಾಸ್ಕಲ್ ಬಾಯಿ ತೆರೆಯದಿದ್ದರೆ ಮುಗಿಯುತ್ತಿತ್ತು ಕೂಡ. "ಬಹ್ರೇನಿಗೂ ಹೋಗ್ತದಾ ನಿಮ್ಮ ಕ್ಯಾಸೆಟ್?" ಎಂದು ಪಾಸ್ಕಲ್ ಕೇಳಿಬಿಟ್ಟ.

ಬಹ್ರೇನಿನಲ್ಲಿ ಪಾಸ್ಕಲನ ಮಗಳು ಗ್ಲ್ಯಾಡಿಸ್ ಇದ್ದಳು, ನರ್ಸ್ ಕೆಲಸದಲ್ಲಿ. ಕಾರ್ಕಳದ ಕಡೆಯ ಅಲೆಕ್ಸ್ ಎಂಬ ಹುಡುಗನೊಂದಿಗೆ ಜನವರಿಯಲ್ಲಿ ಮದುವೆ ನಿಶ್ಚಯವಾಗಿತ್ತು. ಇಬ್ಬರಿಗೂ ರಜೆ ಸಿಕ್ಕಿರಲಿಲ್ಲ, ಇಲ್ಲಿಂದ ಹೋಗುವವರಿಗೆ ವೀಸಾ ಸಿಕ್ಕಿರಲಿಲ್ಲ. ಹಾಗಾಗಿ ಮದುವೆ ಅಲ್ಲೇ, ರೋಸ್ ಅಲ್ಲೇ ಒಂದು ಫ್ಲ್ಯಾಟಿನಲ್ಲಿ. ಊರಿನ ಹೆಣ್ಣುಮಕ್ಕಳಿಗೆಲ್ಲ ವೊವಿ ಹಾಡಿದ ಅಜ್ಜಿಗೆ ಸ್ವಂತ ಮೊಮ್ಮಗಳಿಗೆ ಹಾಡುವ ಯೋಗ ಇಲ್ಲ ಎಂದು ಸೆಲೀನ್ ಬಾಯಿ ಒಳಗೊಳಗೇ ಬೇಯುತ್ತಿದ್ದರು. ಪಾಸ್ಕಲನ ಟೇಪ್ ರೆಕಾರ್ಡರಿನಲ್ಲಿ ಒಮ್ಮೆ ಪ್ರಯತ್ನಿಸಿಯೂ ನೋಡಿದ್ದರು. ಕಾಗೆ, ಸರ್ವಿಸ್ ಬಸ್ಸಿನ ಹಾರನ್, ಪಾಸ್ಕಲನ ಕೆಮ್ಮು ಎಲ್ಲ ಚೆನ್ನಾಗಿ ಬಂದಿತ್ತು. ಅಜ್ಜಿಯ ಸ್ವರ ಬಂದಿರಲಿಲ್ಲ.

"ಬಹ್ರೇನಿಗೆ ಮೊದಲು," ಎಂದ ತಾರಾನಾಥ. ವ್ಯಾಪಾರಿಗೆ ಗಾಳಿ ಎತ್ತ ಬೀಸಿತೆಂದು ಯಾರೂ ಹೇಳಿಕೊಡಬೇಕಿಲ್ಲ.

ಸೆಲೀನ್ ಬಾಯಿ ಮತ್ತೆ ಕೂತರು. ನಲವತ್ತು ವರ್ಷದ ನಿಯಮ, ಒಬ್ಬಳೇ ಮೊಮ್ಮಗಳು. "ಎದುರಿಗೆ ಮದುಮಗಳು ಬೇಕು," ಎಂದರು ಕೊನೆಗೆ. "ಮಣೆ ಬೇಕು. ತೆಂಗಿನ ಹಾಲು ಬೇಕು. ಇಲ್ಲದಿದ್ದರೆ ನನ್ನ ಬಾಯಿಂದ ಸ್ವರ ಹೊರಡುವುದಿಲ್ಲ."

ತಾರಾನಾಥ ಎಲ್ಲದಕ್ಕೂ ತಲೆಯಾಡಿಸಿದ.

ಧ್ವನಿಮುದ್ರಣ ಕಾರ್ಕಳದಲ್ಲಿ, ಒಂದು ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ. ಹೊರಗಿನ ಸದ್ದು ಬಾರದಂತೆ ಗೋಡೆಗೆಲ್ಲ ನಾರಿನ ಹಾಸಿಗೆ ಹೊಡೆದಿದ್ದರು. ಮದುಮಗಳಾಗಿ ಬಂದವಳು ಬೇಬಿ. ಅವಳು ತಾರಾನಾಥನ ಅಂಗಡಿಯಲ್ಲಿ ಕೂತು ಕ್ಯಾಸೆಟ್‌ಗಳ ಮೇಲೆ ಮುದ್ದಾದ ಅಕ್ಷರದಲ್ಲಿ ಹೆಸರು ಬರೆಯುವವಳು. ಕಾಪುವಿನಲ್ಲಿ ತಾರಾನಾಥನ ಮನೆಯ ಹಿಂದೆಯೇ ಬೀಡಿ ಕಟ್ಟಿಕೊಂಡಿದ್ದ ಅಪ್ಪಿ ಎಂಬವಳ ಮಗಳು. ಎರಡು ವರ್ಷದ ಹಿಂದೆ ಅಪ್ಪಿ ತೀರಿಕೊಂಡಿದ್ದಳು. ಬೇಬಿಗೆ ಇಪ್ಪತ್ತೊಂಬತ್ತು ಕಳೆದಿದ್ದರೂ ಮದುವೆಯ ಮಾತು ಕೂಡಿಬಂದಿರಲಿಲ್ಲ. 'ಸುಮ್ಮನೆ ಮಣೆಯ ಮೇಲೆ ಕೂತರೆ ಸಾಕು' ಎಂದಷ್ಟೇ ತಾರಾನಾಥ ಅವಳಿಗೆ ಹೇಳಿದ್ದ. ಹಾಲಿನ ವಿಷಯ ಹೇಳಿರಲಿಲ್ಲ.

ಸೆಲೀನ್ ಬಾಯಿ ಗ್ಲ್ಯಾಡಿಸ್‌ಳ ಫೋಟೋವನ್ನು ಬೇಬಿಯ ಮಡಿಲಲ್ಲಿಟ್ಟರು. ಶಿಲುಬೆಯ ಗುರುತು ಮಾಡಿದರು. ಅದಾದ ಮೇಲೆ ಒಂದು ಲೋಟ ತೆಂಗಿನ ಹಾಲನ್ನು ಬೇಬಿಯ ನೆತ್ತಿಗೆ ಸುರಿದರು.

"ಬಾಯಮ್ಮ, ನನಗೆ ಇದೇ ಸೀರೆಯಲ್ಲಿ ಬಸ್ಸಿಗೆ ಹೋಗ್ಲಿಕ್ಕುಂಟು," ಎಂದಳು ಬೇಬಿ ಮೆಲ್ಲಗೆ.

"ಮಾತಾಡಬೇಡ ಮಗಾ. ಮದುಮಗಳು ಮಾತಾಡುವುದಿಲ್ಲ."

ಆಮೇಲೆ ಸೆಲೀನ್ ಬಾಯಿಗೆ ಕೋಣೆ ಕಾಣಲಿಲ್ಲ, ಮೈಕೂ ಕಾಣಲಿಲ್ಲ. ಒಂದಾದ ಮೇಲೆ ಒಂದು ಎಂಟು ವೊವಿ ಹಾಡಿದರು. ಎಂಟರಲ್ಲೂ ಗ್ಲ್ಯಾಡಿಸ್. ಅಜ್ಜನ ಮೂಗು ಹೊತ್ತು ಹುಟ್ಟಿದ ಗ್ಲ್ಯಾಡಿಸ್. ಬಾವಿಕಟ್ಟೆಯಿಂದ ಬಿದ್ದು ಗಲ್ಲದ ಅಡಿಯಲ್ಲಿ ಗಾಯದ ಗುರುತು ಅಡಗಿಸಿಕೊಂಡ ಗ್ಲ್ಯಾಡಿಸ್. ಆಸ್ಪತ್ರೆಯಲ್ಲಿ ಎಂಥ ರಕ್ತ ಕಂಡರೂ ಹೆದರದೆ, ಮನೆಯ ಅಂಗಳದಲ್ಲಿ ಕೋಳಿ ಕಂಡರೆ ಓಡುವ ಗ್ಲ್ಯಾಡಿಸ್. ನಾಲ್ಕನೆಯ ವೊವಿಯ ಕೊನೆಗೆ ಹತ್ತಿರದ ಕಲ್ಲುಕೋರೆಯಲ್ಲಿ ಬಂಡೆ ಸಿಡಿಸಿದ ಸದ್ದು ಧಡಾರೆಂದು ಕೇಳಿತು. ಯಾರೂ ನಿಲ್ಲಿಸಲಿಲ್ಲ. ರೋಸಿನಲ್ಲಿ ಗರ್ನಾಲು ಪಟಾಕಿ ಹೊಡೆಯುವುದು ಇದ್ದದ್ದೇ, ಅದೂ ಸೇರಿಕೊಳ್ಳಲಿ ಎಂದ ತಾರಾನಾಥ.

ಇಷ್ಟು ಹೆಸರು ಬಂದರೂ ಒಬ್ಬರಿಗಾದರೂ ಗೊತ್ತಾಗಬೇಡವೇ ಎಂದರೆ, ತಾರಾನಾಥ ತುಳುವಿನವನು, ಕೊಂಕಣಿಯಲ್ಲಿ ಅವನಿಗೆ ಬರುತ್ತಿದ್ದದ್ದು ಕ್ರಯ ಹೇಳುವಷ್ಟು ಮಾತ್ರ. ಲಿಯೋನೆಲ್‌ಗೆ ಕೊಂಕಣಿ ಬರುತ್ತಿತ್ತು, ಆದರೆ ಕಿವಿಗೆ ಹೆಡ್‌ಫೋನ್ ಹಾಕಿ ತನ್ನ ಡೋಲಿನ ಗುಂಡಿಯಲ್ಲಿ ಮುಳುಗಿದ್ದ. ಅಲ್ಲದೆ ವೊವಿಯಲ್ಲಿ ಹೆಸರು ಬಂದರೆ ಯಾವ ಕೊಂಕಣಿಯವನಿಗೂ ಅದು ಕಿವಿಗೆ ಚುಚ್ಚುವುದಿಲ್ಲ. ಬಾರದಿದ್ದರೆ ಚುಚ್ಚುತ್ತದೆ.

ಸೆಲೀನ್ ಬಾಯಿಗಂತೂ ಅಂದು ಮನಸ್ಸು ತುಂಬಿತ್ತು. ಕ್ಯಾಸೆಟ್ ಬಹ್ರೇನಿಗೆ ಹೋಗುತ್ತದೆ, ಗ್ಲ್ಯಾಡಿಸ್ ಕೇಳುತ್ತಾಳೆ. ಬೇರೆ ಯಾರಾದರೂ ಅದನ್ನು ತಮ್ಮ ಮಗಳ ತಲೆಯ ಮೇಲೆ ಹಾಡಿಸುತ್ತಾರೆ ಎಂದು ಅವರಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಇನ್ನೊಬ್ಬರ ಹೆಸರಿಗೆ ಬಂದ ಕಾಗದವನ್ನು ಯಾರಾದರೂ ಒಡೆದು ಓದುತ್ತಾರೆಯೇ?

ಓದಿದರು. ಕ್ರಿಸ್ಮಸ್ಸಿಗೆ ಹದಿನೈದು ದಿನ ಮೊದಲು ಕ್ಯಾಸೆಟ್ ಬಂತು. ಮೇಲೆ ಸೆಲೀನ್ ಬಾಯಿಯ ಫೋಟೋ, ಸುತ್ತ ಗುಲಾಬಿ ಬಳ್ಳಿ. ರಜೆಯಲ್ಲಿ ಬಂದ ಗಲ್ಫಿನವರು ಅದನ್ನು ಬಿಸಿ ಬಿಸಿ ಗೋಳಿಬಜೆಯಂತೆ ಕೊಂಡುಹೋದರು. ತಾರಾನಾಥನ ಮಾತಿನಲ್ಲಿ ಹೇಳುವುದಾದರೆ ಕ್ಯಾಸೆಟ್ ಓಡಲಿಲ್ಲ, ಹಾರಿತು. ಜನವರಿಯ ಮದುವೆಗಳು ಶುರುವಾದಾಗ ಶಿರ್ವದಿಂದ ಕಾಪುವಿನ ತನಕ ಎಲ್ಲ ರೋಸಿನಲ್ಲೂ ಲಿಯೋನೆಲ್‌ನ ಡೋಲು ಕುಟ್ಟಿತು, ಸೆಲೀನ್ ಬಾಯಿಯ ಸ್ವರ ಮೊಳಗಿತು, ಮಣೆಯ ಮೇಲೆ ಯಾರೇ ಕೂತಿರಲಿ, ಕೋಳಿಗೆ ಹೆದರುವ ಗ್ಲ್ಯಾಡಿಸ್‌ಳಿಗೆ ಆಶೀರ್ವಾದವಾಯಿತು.

ಕಾಪುವಿನ ಒಂದು ಮನೆಯಲ್ಲಿ ಮುಂಬಯಿಯಿಂದ ಬಂದ ಗಂಡಿನ ಚಿಕ್ಕಮ್ಮ, ಗಲ್ಲದ ಗಾಯದ ಮಾತು ಕೇಳಿ, ಎಲ್ಲರ ಎದುರಿಗೇ ಮದುಮಗಳ ಗಲ್ಲವೆತ್ತಿ ಬೆಳಕಿಗೆ ಹಿಡಿದು ನೋಡಿದಳಂತೆ. ಇನ್ನೊಂದು ಮನೆಯಲ್ಲಿ ಹುಡುಗಿಯ ಅಪ್ಪನದೇ ಕೋಳಿ ಫಾರಮ್ಮು. ಮಗಳು ಹೆದರುತ್ತಾಳೆಂದರೆ ಅಳಿಯನಾಗಿ ಬರುವವನು ಏನೆಂದುಕೊಂಡಾನು ಎಂದು ಅವನು ಊಟ ಬಿಟ್ಟ. ಮೂರನೆಯ ಕಡೆ ಮದುಮಗನಿಗೆ ಹಿಂದೊಮ್ಮೆ ನಿಶ್ಚಯವಾಗಿ ಮುರಿದಿದ್ದ ಹುಡುಗಿಯ ಹೆಸರೇ ಗ್ಲ್ಯಾಡಿಸ್ ಆಗಿತ್ತು. ಆ ಮದುವೆ ನಡೆಯಿತು, ಆದರೆ ಒಂದು ಗಂಟೆ ತಡವಾಗಿ. ಜಾಣರು ಉಪಾಯ ಹುಡುಕಿಕೊಂಡರು. ಹೆಸರು ಬರುವ ಕಡೆ ಒಬ್ಬ ಮಾವನನ್ನು ಟೇಪಿನ ಹತ್ತಿರ ನಿಲ್ಲಿಸಿ ಜೋರಾಗಿ ಕೆಮ್ಮಿಸುತ್ತಿದ್ದರು. ಎಂಟು ವೊವಿ ಮುಗಿಯುವಷ್ಟರಲ್ಲಿ ಆ ಮಾವನಿಗೆ ನಿಜವಾಗಿಯೇ ಕೆಮ್ಮು ಹಿಡಿಯುತ್ತಿತ್ತು.

ಈ ಸುದ್ದಿಗಳು ಸೆಲೀನ್ ಬಾಯಿಯ ತನಕ ಬರಲಿಲ್ಲ. ಅವರಿಗೆ ತಿಳಿದದ್ದು ಇಷ್ಟೇ, ಆ ವರ್ಷ ಯಾರೂ ಅವರನ್ನು ಹಾಡಲು ಕರೆಯಲಿಲ್ಲ. ಮುಂದಾಗಿ ಹಾಡುವವಳನ್ನು ಹುಡುಗಿಯ ತಾಯಿ ಮನೆಗೆ ಬಂದು ಕರೆಯಬೇಕು; ಕರೆಯದೆ ಬಾಯಿ ತೆರೆಯುವುದು ಮರ್ಯಾದೆಯಲ್ಲ. ಸೆಲೀನ್ ಬಾಯಿ ದಿನಾ ಅಂಗಳ ಗುಡಿಸಿ, ಒಳ್ಳೆಯ ಸೀರೆ ಉಟ್ಟು ಕಾದರು. ದಣಪೆ ದಾಟಿ ಬಂದದ್ದು ಅಂಚೆಯವನು ಮಾತ್ರ. ಬಹ್ರೇನಿನಿಂದ ಮೊಮ್ಮಗಳು ಅಜ್ಜಿಗೆ, ಅಂದರೆ ತನ್ನ ವೊಡ್ಲಿಮಾಂಯ್‌ಗೆ, ಬರೆದ ಕಾಗದ.

ಪಾಸ್ಕಲ್ ಓದಿದ. 'ವೊಡ್ಲಿಮಾಂಯ್, ನಿಮ್ಮ ಕ್ಯಾಸೆಟ್ ಹಾಕಿದೆವು. ಡೋಲು ಶುರುವಾದ ಕೂಡಲೇ ಅಲೆಕ್ಸ್‌ನ ಗೆಳೆಯರು ಕುಣಿಯಲು ಎದ್ದರು, ನನ್ನ ತಲೆಗೆ ಹಾಲು ಹಾಕುವುದನ್ನೇ ಮರೆತರು. ಆದರೆ ಕೋಳಿಯ ಸುದ್ದಿ ಬಂದಾಗ ನಾನು ಅತ್ತೆ. ನೀವು ಪಕ್ಕದ ಕೋಣೆಯಲ್ಲಿದ್ದ ಹಾಗೆ ಆಯಿತು.'

ಸೆಲೀನ್ ಬಾಯಿ ಆ ಕಡೆಯ ಸಾಲನ್ನು ಮೂರು ಸಲ ಓದಿಸಿದರು.

ಫೆಬ್ರವರಿಯ ಮೊದಲ ವಾರ ನೆರೆಮನೆಯ ರೊಸಾರಿಯೊನ ಮಗಳು ಇಮೆಲ್ಡಾಳ ರೋಸ್. ಇವರದೇ ಅಂಗಳದಲ್ಲಿ ಆಡಿ ಬೆಳೆದ ಹುಡುಗಿ. ಅವಳ ಕಿತಾಪತಿಗಳ ಪಟ್ಟಿ ಮಾಡಲು ಸೆಲೀನ್ ಬಾಯಿಗೆ ಯಾರನ್ನೂ ವಿಚಾರಿಸಬೇಕಿರಲಿಲ್ಲ. ಅರ್ಧದಷ್ಟು ಅವರ ಪೇರಳೆ ಮರದಲ್ಲೇ ನಡೆದಿದ್ದವು. ನೆರೆಯವರು ಕರೆದೇ ಕರೆಯುತ್ತಾರೆಂದು ಎರಡು ವಾರ ಮುಂಚೆಯೇ ವೊವಿ ಕಟ್ಟಿಟ್ಟಿದ್ದರು. ಕರೆ ಬಂತು, ಊಟಕ್ಕೆ.

"ನೀವು ಇನ್ನು ಕಷ್ಟಪಡುವುದು ಬೇಡ ಮಾವ್ಶಿ," ಎಂದು ರೊಸಾರಿಯೊನ ಹೆಂಡತಿ ಅವರನ್ನು ಎದುರು ಸಾಲಿನ ಕುರ್ಚಿಯಲ್ಲಿ ಕೂರಿಸಿದಳು. "ಆರಾಮಾಗಿ ಕೂತ್ಕೊಳ್ಳಿ. ನಿಮ್ಮದೇ ಕ್ಯಾಸೆಟ್ ಉಂಟು."

ಡೋಲು ಕುಟ್ಟಿತು. ಸೆಲೀನ್ ಬಾಯಿ ಕೈಕಟ್ಟಿ ಕೂತು ತನ್ನದೇ ಹಾಡನ್ನು ತಾನೇ ಆಲಿಸಿದರು. ಸ್ವರ ಚೆನ್ನಾಗಿಯೇ ಇತ್ತು. ಅದರಲ್ಲಿದ್ದ ಪ್ರೀತಿಯೂ ಸುಳ್ಳಾಗಿರಲಿಲ್ಲ. ಆದರೆ ಎದುರಿಗೆ ಇಮೆಲ್ಡಾ, ತಲೆಯಿಂದ ಹಾಲು ಇಳಿಯುತ್ತಿದೆ, ಮೇಲಿಂದ 'ಗ್ಲ್ಯಾಡಿಸ್, ನನ್ನ ಗ್ಲ್ಯಾಡಿಸ್' ಎಂಬ ಸ್ವರ. ಟೇಪಿನ ಹತ್ತಿರ ನಿಂತಿದ್ದ ಕಜೆಟನ್ ಎಂಬ ಮಾವ ಹೊತ್ತಿಗೆ ಸರಿಯಾಗಿ ಕೆಮ್ಮಿದ. ಹೆಂಗಸರು ಅದು ವೊವಿಯದೇ ಭಾಗವೆಂಬಂತೆ ಸುಮ್ಮನಿದ್ದರು. ಯಾರೂ ಎತ್ತಿಕೊಂಡು ಹಾಡಲಿಲ್ಲ. ಟೇಪಿಗೆ ಯಾರ ಸಹಾಯವೂ ಬೇಕಿರಲಿಲ್ಲವಲ್ಲ.

ಸೆಲೀನ್ ಬಾಯಿಯ ಸರದಿ ಬಂತು. ಬಗ್ಗಿ ಹಾಲು ಹಾಕುವಾಗ ಇಮೆಲ್ಡಾ ತಲೆಯೆತ್ತಿ, ಕಣ್ಣು ಪಿಳಿಪಿಳಿ ಮಾಡುತ್ತ, ಅವರಿಗೆ ಮಾತ್ರ ಕೇಳುವಂತೆ ಹೇಳಿದಳು: "ಮಾವ್ಶಿ, ನಮ್ಮ ಬಾವಿಯ ಮಾತು ಬರ್ಲೇ ಇಲ್ಲ."

ಸೆಲೀನ್ ಬಾಯಿ ಉಳಿದ ಹಾಲನ್ನು ಅವಳ ನೆತ್ತಿಗೆ ಸುರಿದು ಲೋಟ ಕೆಳಗಿಟ್ಟರು.

ಊಟ ಮಾಡದೆ ಮನೆಗೆ ಬಂದರು. ಮೊದಲು ತಾರಾನಾಥನನ್ನು ಬೈದರು, ಆಮೇಲೆ ಲಿಯೋನೆಲ್‌ನನ್ನು, ಅವನ ಡೋಲನ್ನು. ಬೈಗುಳ ಮುಗಿದ ಮೇಲೆ ಉಳಿದದ್ದು ತಾವೊಬ್ಬರೇ. ಊರಿನ ಹೆಣ್ಣುಮಕ್ಕಳ ತಲೆಯ ಮೇಲೆಲ್ಲ ತಪ್ಪು ಹೆಸರು ಹಾಕಿದ ಸ್ವರ ಬೇರೆ ಯಾರದ್ದೂ ಅಲ್ಲ. ಅಂದು ಪಾಸ್ಕಲನಿಗೆ ಅನ್ನ ಬಡಿಸುತ್ತ, "ನಾನು ಮೊಮ್ಮಗಳಿಗೆ ಹಾಡಿದೆ," ಎಂದರು. "ಊರ ಮಕ್ಕಳಿಗೆ ಮೋಸ ಮಾಡಿದೆ."

ಈಸ್ಟರ್ ಕಳೆದ ಮೇಲೆ ತಾರಾನಾಥ ಮತ್ತೆ ಬಂದ. ಜೊತೆಗೆ ಬೇಬಿ ಇದ್ದಳು, ಕೈಚೀಲದಲ್ಲಿ ಒಂದು ಸಣ್ಣ ಟೇಪ್ ರೆಕಾರ್ಡರ್ ಇತ್ತು.

"ತಪ್ಪಾಯ್ತು ಬಾಯಮ್ಮ," ಎಂದು ಶುರುಮಾಡಿದ. "ಆ ಗ್ಲ್ಯಾಡಿಸ್ ನನ್ನ ಮಾನ ತೆಗೆದಳು. ಲಿಯೋನೆಲ್‌ನ ಹತ್ತಿರ ಕೇಳಿದರೆ, 'ವೊವಿಯಲ್ಲಿ ಹೆಸರು ಇಲ್ಲದಿದ್ದರೆ ನಾನು ಹೇಳ್ತಿದ್ದೆ, ಇತ್ತಲ್ಲ ಮಾರಾಯ' ಅಂತಾನೆ. ಈಗ ಎರಡನೇ ಕ್ಯಾಸೆಟ್ ಮಾಡುವ. ಹೆಸರೇ ಬೇಡ. ಬರೀ ಮದುಮಗಳು ಅಂತ. ಯಾರಿಗೂ ತಪ್ಪು ಹೆಸರು ಬೀಳುವುದಿಲ್ಲ. ಅಥವಾ ಹೆಸರಿನ ಜಾಗದಲ್ಲಿ ಖಾಲಿ ಬಿಡುವ, ಮನೆಯವರೇ ಕೂಗಿ ಹೇಳಲಿ."

"ಖಾಲಿ ಬಿಟ್ಟು ಭರ್ತಿ ಮಾಡ್ಲಿಕ್ಕೆ ಅದೆಂತ ರೇಷನ್ ಕಾರ್ಡಿನ ಅರ್ಜಿಯಾ?"

"ಹಾಗಾದರೆ ಖಾಲಿ ಬೇಡ. ಮದುಮಗಳು ಸಾಕು." ತಾರಾನಾಥ ಸ್ವರ ತಗ್ಗಿಸಿದ. "ನೀವು ಹಾಡದಿದ್ದರೂ ಕ್ಯಾಸೆಟ್ ಬರ್ತದೆ ಬಾಯಮ್ಮ. ಬೇರೆ ಯಾರಾದರೂ ಹಾಡ್ತಾರೆ. ಆಗ ನಿಮ್ಮ ಹಳೆ ಕ್ಯಾಸೆಟ್ಟೂ ಮೂಲೆಗೆ, ನೀವೂ ಮೂಲೆಗೆ. ನಾನು ಹೆದರಿಸುವುದಲ್ಲ, ಇದ್ದದ್ದು ಹೇಳಿದೆ."

ಅವನು ಹೆದರಿಸುತ್ತಿರಲಿಲ್ಲ ನಿಜ. ಅದೇ ಕಷ್ಟ. ಎರಡು ತಿಂಗಳಿಂದ ಸೆಲೀನ್ ಬಾಯಿ ಇದನ್ನೇ ಯೋಚಿಸಿದ್ದರು. ಹೆಸರಿಲ್ಲದ ವೊವಿ ಹಾಡಿದರೆ ಮಾಡಿದ ತಪ್ಪು ತೊಳೆದುಹೋಗುತ್ತದೆ, ಸ್ವರವಾದರೂ ರೋಸಿನ ಮನೆಗಳಲ್ಲಿ ಉಳಿಯುತ್ತದೆ. ಹಾಡದಿದ್ದರೆ ಅರವತ್ತೇಳರ ಈ ಮುದುಕಿ ಯಾರಿಗೆ ಬೇಕು? ನಿಯಮ ಇಟ್ಟುಕೊಂಡು ಒಬ್ಬಳೇ ಅಂಗಳ ಗುಡಿಸುತ್ತ ಕೂರಬೇಕು.

"ಹಾಕಿ ನಿಮ್ಮ ಮಿಶಿನು," ಎಂದರು.

ಹಾಡಿದರು. ಮದುಮಗಳೇ, ಒಳ್ಳೆಯ ಮನೆಯ ಒಳ್ಳೆಯ ಮದುಮಗಳೇ, ಒಳ್ಳೆಯ ತಾಯಿಯ ಮುದ್ದಿನ ಮಗಳೇ. ಆರು ಸಾಲು ಹಾಡುವಷ್ಟರಲ್ಲಿ 'ಒಳ್ಳೆಯ' ಎಂಬುದು ಹನ್ನೊಂದು ಸಲ ಬಂತು. ಬಾವಿ ಇರಲಿಲ್ಲ, ಗಾಯ ಇರಲಿಲ್ಲ, ಕೋಳಿ ಇರಲಿಲ್ಲ. ತನ್ನದೇ ಸ್ವರ ಉಪ್ಪು ಹಾಕದ ಗಂಜಿಯಂತೆ ನಾಲಗೆಯ ಮೇಲೆ ಕೂತದ್ದು ಸೆಲೀನ್ ಬಾಯಿಗೆ ಗೊತ್ತಾಯಿತು.

"ಫಸ್ಟ್ ಕ್ಲಾಸ್," ಎಂದ ತಾರಾನಾಥ. "ಇದು ಓಡ್ತದೆ."

ಅವನು ಸಂತೋಷದಿಂದಲೇ ಹೇಳಿದ. ಸೆಲೀನ್ ಬಾಯಿಗೆ ಅಳು ಬಂತು.

ಇಷ್ಟು ಹೊತ್ತು ಬಾಗಿಲ ಬಳಿ ಕೂತಿದ್ದ ಬೇಬಿ ಆಗ ಎದ್ದು ಬಂದು ಒಂದು ಅರಸಿನ ಹಚ್ಚಿದ ಕಾಗದವನ್ನು ಅವರ ಕೈಗಿಟ್ಟಳು. ಅವಳದೇ ಮದುವೆಯ ಕಾಗದ. ಹುಡುಗ ನಿಟ್ಟೆಯ ಕಡೆಯವನು, ಶೇಖರ ಎಂದು ಹೆಸರು, ಬಸ್ಸಿನ ಕಂಡಕ್ಟರ್. ಆ ದಿನ ಕಾರ್ಕಳದಿಂದ ತಲೆಯಿಡೀ ತೆಂಗಿನ ಹಾಲಿನಲ್ಲಿ ನೆನೆದು ಬಸ್ಸು ಹತ್ತಿದವಳಿಗೆ, ಏನಾಯಿತೆಂದು ಕೇಳಿ ಟವೆಲು ಕೊಟ್ಟವನು ಅವನೇ.

"ವೊವಿಯ ಫಲ ಅಂತ ಅಂಗಡಿಯಲ್ಲಿ ಎಲ್ಲರೂ ನೆಗಾಡ್ತಾರೆ ಬಾಯಮ್ಮ," ಎಂದಳು. ಮತ್ತೆ ಸೆರಗಿನ ತುದಿ ತಿರುಚುತ್ತ ಹೇಳಿದಳು: "ಅವತ್ತು ಹಾಲು ಬಿದ್ದದ್ದು ನನ್ನ ತಲೆಗೆ. ಹೆಸರು ಗ್ಲ್ಯಾಡಿಸ್ ಅವರದ್ದು. ನಮ್ಮಲ್ಲಿ ವೊವಿ ಇಲ್ಲ, ಅರಸಿನ ಹಚ್ಚುವುದು ಮಾತ್ರ. ಹಚ್ಚಲಿಕ್ಕೆ ಅಮ್ಮನೂ ಇಲ್ಲ. ಒಂದು ಸರ್ತಿ ನನ್ನ ಹೆಸರು ಹಾಕಿ ಹಾಡ್ತೀರಾ? ಚಿಕ್ಕದಾದರೂ ಸಾಕು."

ಸೆಲೀನ್ ಬಾಯಿ ಅವಳನ್ನೇ ನೋಡಿದರು. ಆಮೇಲೆ ಒಳಗೆ ತಿರುಗಿ, "ಪಾಸ್ಕಲ್, ಒಂದು ಕಾಯಿ ತುರಿ," ಎಂದರು.

ಹಾಲು ಹಿಂಡಿ ಆಗುವ ತನಕ ವಿಚಾರಣೆ ನಡೆಯಿತು. ತಾಯಿಯ ಹೆಸರೇನು, ಅಪ್ಪಿ. ಬಾವಿಯ ನೀರು ಹೇಗೆ, ಸಮುದ್ರ ಹತ್ತಿರ, ಬೇಸಗೆಯಲ್ಲಿ ಸ್ವಲ್ಪ ಉಪ್ಪು. ಚಿಕ್ಕಂದಿನಲ್ಲಿ ಎಂತ ಕಿತಾಪತಿ ಮಾಡಿದ್ದೆ?

"ಅಮ್ಮ ಕಟ್ಟುವ ಬೀಡಿಯಲ್ಲಿ ಹೊಗೆಸೊಪ್ಪಿನ ಬದಲು ಒಣಹುಲ್ಲು ತುಂಬಿಸಿದ್ದೆ. ಒಂದು ಕಟ್ಟು ಇಡೀ."

"ಬೀಡಿ ಕೊಡುವ ಬ್ರಾಂಚಿನಲ್ಲಿ ಬೈದರಾ?"

"ಇಲ್ಲ. ಅಷ್ಟರೊಳಗೆ ಆ ಕಟ್ಟನ್ನು ಯಾರೋ ಕದ್ದಿದ್ದರು." ಬೇಬಿ ಓರೆಗಣ್ಣಿನಲ್ಲಿ ಯಜಮಾನನ ಕಡೆ ನೋಡಿದಳು.

ತಾರಾನಾಥ ಗಂಟಲು ಸರಿಮಾಡಿಕೊಂಡ. "ನನಗೆ ಆಗ ಹತ್ತೊಂಬತ್ತು ವರ್ಷ," ಎಂದ. "ಮೂರು ದಿನ ಕೆಮ್ಮಿದೆ. ಅಪ್ಪಿ ಅಕ್ಕನೇ ಕಷಾಯ ಮಾಡಿ ಕೊಟ್ಟದ್ದು. ಕಳ್ಳ ಯಾರು ಅಂತ ಕೇಳ್ಲೇ ಇಲ್ಲ."

ಬೇಬಿ ಮಣೆಯ ಮೇಲೆ ಕೂತಳು. ಸೆಲೀನ್ ಬಾಯಿ ಶಿಲುಬೆಯ ಗುರುತು ಮಾಡಿ, ಒಂದು ಗಳಿಗೆ ತಡೆದು, ದೇವರಿಗೆ ಇದರಲ್ಲಿ ಆಕ್ಷೇಪವಿರಲಾರದೆಂದು ತೀರ್ಮಾನಿಸಿ, ಹಾಲು ಸುರಿದರು. ಹಾಡಿದರು. ಸ್ವರ ಎಲ್ಲಿಂದ ಬಂತೋ, ಅಂಗಳದ ಆಚೆ ಇಮೆಲ್ಡಾಳ ತಾಯಿ ನೀರು ಸೇದುವುದನ್ನು ನಿಲ್ಲಿಸಿ ಬೇಲಿಯ ಹತ್ತಿರ ಬಂದಳು. ಎತ್ತಿಕೊಳ್ಳಬೇಕಾದ ಕಡೆ ಆಕೆ ಬೇಲಿಯ ಆಚೆಯಿಂದಲೇ ಎತ್ತಿಕೊಂಡಳು. ಪಾಸ್ಕಲ್ ಅಡಿಗೆಮನೆಯಿಂದ ಅಪಸ್ವರದಲ್ಲಿ ಸೇರಿದ.

ತಾರಾನಾಥನಿಗೆ ಈಗಲೂ ಕೊಂಕಣಿ ಬರುತ್ತಿರಲಿಲ್ಲ. ಅಭ್ಯಾಸಬಲದಿಂದ ಟೇಪ್ ರೆಕಾರ್ಡರಿನ ಗುಂಡಿ ಒತ್ತಿ, ತಲೆ ತಗ್ಗಿಸಿ ಕೂತಿದ್ದ. ಹಾಡಿನ ನಡುವೆ ಬೇಬಿ ಎಂದು ಕೇಳಿತು, ಬೀಡಿ ಎಂದು ಕೇಳಿತು, ನಕ್ಕ. ಆಮೇಲೆ ಅಪ್ಪಿ ಎಂದು ಕೇಳಿತು. ಎರಡನೆಯ ಸಲ ಅಪ್ಪಿ ಎಂದಾಗ ಬೇಬಿಯ ಭುಜ ಅಲುಗತೊಡಗಿತು. ತಾರಾನಾಥ ಕಿಸೆಯಲ್ಲಿ ಕರವಸ್ತ್ರ ಹುಡುಕಿದ. ಸಿಗಲಿಲ್ಲ, ಅಂಗಿಯ ತೋಳಿನಲ್ಲೇ ಮುಖ ಒರೆಸಿಕೊಂಡ. ಮೂರು ದಿನದ ಕಷಾಯದ ಕಹಿ ಇಪ್ಪತ್ತಮೂರು ವರ್ಷ ಆದ ಮೇಲೆ ಅವನ ಗಂಟಲಿಗೆ ಬಂದಿರಬೇಕು.

ಹಾಡು ಮುಗಿದ ಮೇಲೆ ತಾರಾನಾಥ ಟೇಪು ನಿಲ್ಲಿಸಿದ.

"ಇದನ್ನು ಮಾರ್ಲಿಕ್ಕೆ ಆಗುವುದಿಲ್ಲ ಬಾಯಮ್ಮ," ಎಂದ.

"ಅದನ್ನೇ ನಾನು ಮೊದಲ ದಿನ ಹೇಳಿದ್ದು."

"ಎರಡನೇ ಕ್ಯಾಸೆಟ್?"

"ನೀವು ಮಾಡಿಸಿ, ಬೇರೆಯವರು ಹಾಡಲಿ. ನಾನು ಅಂಗಳ ಗುಡಿಸ್ತೇನೆ." ಸೆಲೀನ್ ಬಾಯಿ ಬೇಲಿಯ ಕಡೆ ಒಮ್ಮೆ ನೋಡಿದರು. "ನಾನು ಮೊದಲು ಹಾಡಿದ್ದು ಅದರಲ್ಲೇ ಉಂಟಲ್ವಾ? ಅದನ್ನು ಅಳಿಸಿ."

ತಾರಾನಾಥ ಟೇಪನ್ನು ಹಿಂದಕ್ಕೆ ಸುತ್ತಿದ. ಓಡಬಹುದಾಗಿದ್ದ ಆರು ಸಾಲನ್ನು, ತನ್ನ ಕೈಯಾರೆ, ಹನ್ನೊಂದು ಒಳ್ಳೆಯಗಳ ಸಮೇತ ಅಳಿಸಿದ. ಆಮೇಲೆ ಕ್ಯಾಸೆಟ್ ಹೊರತೆಗೆದು ಬೇಬಿಯ ಒದ್ದೆ ಕೈಗೆ ಕೊಟ್ಟ.

ಬೇಬಿ ಕೈ ಒರೆಸಿಕೊಂಡು, ಅಂಗಡಿಯ ರೂಢಿಯಂತೆ, ಚೀಲದಿಂದ ಪೆನ್ನು ತೆಗೆದಳು. ಅಷ್ಟು ವರ್ಷ ಸಾವಿರಗಟ್ಟಲೆ ಕ್ಯಾಸೆಟ್‌ಗಳ ಮೇಲೆ ಬರೆದವಳು ಈಗ ಪೆನ್ನು ಹಿಡಿದು ನಿಂತಳು.

"ಎಂತ ಬರೀಲಿ ಬಾಯಮ್ಮ?"

"ನಿನ್ನ ಹೆಸರು ಬರಿ," ಎಂದರು ಸೆಲೀನ್ ಬಾಯಿ.